ಹತ್ತದ ಕೆಂಪು ಲೈಟು

ಅಂಗಡಿಯ ಗಾದಿಯ ಮೇಲೆ ತನ್ನನ್ನು ಬಿಟ್ಟು ಚೇತನಕುಮಾರನಂಥ ಪೆದ್ದನನ್ನು ಮಾವ ಕೂಡಿಸಿದ ದಿನವೇ ವಿಶ್ವರಾಧ್ಯನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಶಹಾಪುರದ ಬಜಾರಿನಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ ಮಾವ ಪಂಪಣ್ಣನದು. ಗಂಡುಮಕ್ಕಳಿಲ್ಲ, ಇಬ್ಬರು ಅಳಿಯಂದಿರು. ಹಿರಿಯ ಅಳಿಯ ತಾನು. ಆದರೆ ಮುದುಕ ಕಿರಿಯವನನ್ನು ಗಲ್ಲಾದ ಮುಂದೆ ಕೂಡಿಸಿ, ಹಿರಿಯವನ ಕೈಗೆ ಗೊಬ್ಬರ ಹೊರುವ ಪಿಕಪ್ಪಿನ ಕೀಲಿಕೈ ಇಟ್ಟ. ನಿನಗೆ ಗಾಡಿ ಕೆಲಸ ಚೆನ್ನಾಗಿ ಬರುತ್ತದಲ್ಲ ಎಂದು ಬೆನ್ನು ತಟ್ಟಿದ್ದು ಬೇರೆ.

ಗಾಡಿ ಕೆಲಸ ಬರುತ್ತಿತ್ತು, ನಿಜ. ಆ ಷಡ್ಡಕನಿಗೆ ಏನು ಬರುತ್ತಿತ್ತು? ರಿಪೇರಿ ಸಾಮಾನಿನಲ್ಲಿ ಪಾನಾ ಯಾವುದು, ಪಕ್ಕಡ ಯಾವುದು ತಿಳಿಯದ ಜೀವ. ಬೈಕಿನ ಸೀಟನ್ನು ಕೂಸಿನ ಮೂಗಿನಂತೆ ಒರೆಸುವುದೊಂದು ಗೊತ್ತು. ಅಂಥವನು ಇಲ್ಲವಾದರೆ ಲೋಕಕ್ಕೆ ಏನು ಕಡಿಮೆಯಾದೀತು ಎಂದು ವಿಶ್ವರಾಧ್ಯ ಪ್ರಾಮಾಣಿಕವಾಗಿಯೇ ಯೋಚಿಸಿ ನೋಡಿದ. ಏನೂ ಹೊಳೆಯಲಿಲ್ಲ.

ಕೊಲೆ ಎಂಬ ಕೆಲಸ ದಡ್ಡರ ಕೈಗೆ ಸಿಕ್ಕು ಕೆಟ್ಟಿದೆ ಎಂಬುದು ಅವನ ಅಭಿಪ್ರಾಯ. ಮಚ್ಚು ಹಿಡಿದವರೂ ವಿಷ ಬೆರೆಸಿದವರೂ ಜೈಲಿನಲ್ಲಿದ್ದಾರೆ. ತನಗೆ ಬೇಕಿದ್ದದ್ದು ಬ್ರೇಕ್ ಲೈಟಿನ ಸ್ವಿಚ್ಚು, ಅಷ್ಟೇ. ಚೇತನ ಪ್ರತಿ ಸೋಮವಾರ ಆರ್ಡರ್ ತರಲು ಸುರಪುರಕ್ಕೆ ಹೋಗುತ್ತಾನೆ. ದಾರಿಯ ತಿರುವಿನಲ್ಲಿ ಹಣಮಪ್ಪನ ಕಟ್ಟೆ ಬಂತೆಂದರೆ ಹಿಂದೆ ಮುಂದೆ ನೋಡದೆ ಬ್ರೇಕ್ ಒತ್ತಿ, ಎದೆ ಮುಟ್ಟಿಕೊಂಡು, ಆಮೇಲೆ ಮುಂದಿನ ಮಾತು. ಇದು ಊರಿಗೆಲ್ಲ ಗೊತ್ತು. ಹಿಂದೆ ಬರುವ ಪಿಕಪ್ಪಿಗೆ ಕೆಂಪು ಲೈಟು ಕಾಣದಿದ್ದರೆ ತಪ್ಪು ಯಾರದು? ಕೆಟ್ಟ ಗಾಡಿ ಓಡಿಸಿದವನದು.

ಮದುವೆಯಲ್ಲಿ ಯಾರ ಮನಸ್ಸೂ ನೋಯಬಾರದೆಂದು ಮಾವ ಇಬ್ಬರಿಗೂ ಒಂದೇ ಕಂಪನಿಯ, ಒಂದೇ ಕರಿ ಬಣ್ಣದ ಬೈಕು ಕೊಟ್ಟಿದ್ದ. ಹೀಗಾಗಿ ವಿಶ್ವರಾಧ್ಯ ಮೊದಲು ತನ್ನ ಗಾಡಿಯ ಮೇಲೆ ಕೈ ಪಳಗಿಸಿದ. ಕೈಬ್ರೇಕಿಗೊಂದು ಸ್ವಿಚ್ಚು, ಕಾಲುಬ್ರೇಕಿಗೊಂದು. ಒಂದು ಕೆಟ್ಟರೆ ಇನ್ನೊಂದು ಲೈಟು ಹತ್ತಿಸುತ್ತದೆ, ಆದ್ದರಿಂದ ಎರಡೂ ಕೆಡಬೇಕು. ಬಲ್ಬು ಮುಟ್ಟಬಾರದು, ವೈರು ಕಡಿಯಬಾರದು, ಅದೆಲ್ಲ ಕಣ್ಣಿಗೆ ಬೀಳುವ ಕೆಲಸ. ಒಳಗಿನ ತಗಡುಗಳ ನಡುವೆ ಕಾಲುವೆಯ ನುಣ್ಣನೆ ಮಣ್ಣು ಒತ್ತಿದರೆ ಮುಗಿಯಿತು. ಈ ಕಡೆ ಅರ್ಧ ಗಾಡಿಗಳ ಸ್ವಿಚ್ಚು ಕೆಡುವುದೇ ಹಾಗೆ. ಕೈ ಪಳಗಿದ ಮೇಲೆ ತನ್ನ ಸ್ವಿಚ್ಚುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ, ಮತ್ತೆ ಜೋಡಿಸಿದ.

ಭಾನುವಾರ ವಿಶ್ವರಾಧ್ಯನ ಮನೆಗೆ ಹೋಳಿಗೆ ಊಟಕ್ಕೆ ಬಂದ ಚೇತನ ಉಂಡು ಗೊರಕೆ ಹೊಡೆಯುವಾಗ, ಅಂಗಳದಲ್ಲಿದ್ದ ಅವನ ಗಾಡಿಗೆ ವಿಶ್ವರಾಧ್ಯ ಮಣ್ಣು ತಿನ್ನಿಸಿದ. ಆ ಗೊರಕೆ ಕೇಳುತ್ತ ಕೆಲಸ ಮಾಡುವುದರಲ್ಲಿ ಒಂದು ಸುಖವಿತ್ತು.

ಮರುದಿನ ಮುಂಜಾನೆಯೇ ಪಿಕಪ್ ತೆಗೆದುಕೊಂಡು ಗೋದಾಮಿಗೆ ಹೋದ. ಗೊಬ್ಬರದ ಚೀಲ ಹೇರಿಕೊಂಡು ಸುರಪುರ ರಸ್ತೆಯ ಚಹಾದಂಗಡಿಯಲ್ಲಿ ಕಾದ. ಚೇತನ ದಾಟಿದ ಕೂಡಲೇ ಬೆನ್ನು ಹತ್ತಿದ. ಕಟ್ಟೆ ಬಂತು, ಭಕ್ತ ಬ್ರೇಕ್ ಒತ್ತಿದ. ವಿಶ್ವರಾಧ್ಯನ ಕಣ್ಣು ಅವನ ಬೆನ್ನಿನ ಮೇಲಿತ್ತು. ಹತ್ತದ ಲೈಟನ್ನು ನೋಡುವುದೇನಿದೆ? ಪಿಕಪ್ಪಿನ ಮೂಲೆ ಬಡಿದು ಬೈಕು ಪಕ್ಕದ ಹತ್ತಿ ಹೊಲಕ್ಕೆ ಹಾರಿತು.

ಚೇತನ ಕಾಲು ಮುರಿದುಕೊಂಡು ಬದುಕಿದ್ದೊಂದು ಬೇಸರ. ಸಾಯುವುದನ್ನೂ ನೆಟ್ಟಗೆ ಮಾಡದ ಪ್ರಾಣಿ ಎಂದು ವಿಶ್ವರಾಧ್ಯ ಮನಸ್ಸಿನಲ್ಲೇ ಬೈದ. ಇರಲಿ, ಗಾದಿಯಂತೂ ಖಾಲಿಯಾಯಿತು. ಠಾಣೆಯಲ್ಲಿ ಫೌಜದಾರ ಖಂಡಪ್ಪನ ಮುಂದೆ ಅತ್ತ, ಚೆನ್ನಾಗಿಯೇ ಅತ್ತ. ತಂದು ನಿಲ್ಲಿಸಿದ್ದ ಬೈಕಿನ ಹಿಂದಿನ ಕೆಂಪು ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸಾಕ್ಷಿ ಉಳಿಯಿತಲ್ಲ ಎಂದು ಅವನಿಗೆ ಧೈರ್ಯ ಬಂತು.

"ಲೈಟ ಹತ್ತಲಿಲ್ರಿ ಸಾಹೇಬ್ರ. ಬೇಕಾದ್ರ ಪಂಚರ ಮುಂದ ನೋಡ್ರಿ, ಕೈದು ಕಾಲಿಂದು ಎರಡೂ ಸ್ವಿಚ್ ಕೆಟ್ಟಾವ."

ಖಂಡಪ್ಪ ಕೀಲಿಕೈ ತಿರುಗಿಸಿ ಕಾಲುಬ್ರೇಕ್ ಒತ್ತಿದ. ಹಿಂದಿನ ಗಾಜು ನಿಗಿನಿಗಿ ಹೊಳೆಯಿತು. ಕೈಬ್ರೇಕ್ ಹಿಡಿದ, ಮತ್ತೆ ಹೊಳೆಯಿತು. ಅಷ್ಟರಲ್ಲಿ ವಿಶ್ವರಾಧ್ಯನಿಗೆ ಬುತ್ತಿ ಹಿಡಿದು ಬಂದ ಹೆಂಡತಿ ಮಲ್ಲೇಶ್ವರಿ ಆ ಬೈಕು ನೋಡಿ ಅಲ್ಲೇ ನಿಂತಳು. "ನಂದ ತಪ್ಪಾತ್ರಿ," ಎಂದು ಗಂಡನಿಗೆ ಹೇಳಿದಳು. "ನೀವು ಪಿಕಪ್ ತಗೊಂಡು ಹೋದಮ್ಯಾಗ ತಂಗಿ ಸೌಭಾಗ್ಯನ ಮನ್ಯಾವ್ರು ಬಂದಿದ್ರು. ಬ್ರೇಕ್ ಲೈಟ ಹತ್ತವಲ್ದು, ಅಣ್ಣಾರು ಬಂದು ನೋಡ್ಲಿ ಅಂತ ತಮ್ಮ ಗಾಡಿ ನಮ್ಮ ಅಂಗಳದಾಗ ಬಿಟ್ರು. ನಾನ ನಿಮ್ಮ ಗಾಡಿ ಚಾವಿ ಕೊಟ್ಟು ಕಳಿಸೀನಿ." ಖಂಡಪ್ಪ ಬಗ್ಗಿ ನಂಬರ್ ಪ್ಲೇಟು ನೋಡಿದ. ಅಂಗಳದ ಬೈಕು ತರಲು ಒಬ್ಬ ಪೊಲೀಸನನ್ನು ಕಳಿಸಿದ. ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತು ಮೆಲ್ಲಗೆ ಕೇಳಿದ: "ಆ ಗಾಡಿ ಎರಡೂ ಸ್ವಿಚ್ ಕೆಟ್ಟಾವಂತ ನಿನಗ ಹ್ಯಾಂಗ ಗೊತ್ತಪಾ?"