ಕಾಯಿಗೆ ಬೇಕಾದ ಹೊಗೆ

ಗುಳಕ್!

ದಾಕ್ಷಿ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಅಲ್ಲಾಡಿಸಿದಳು. ಮತ್ತೆ ಗುಳಕ್. ಒಳಗೆ ನೀರು ಹಾಗೇ ಇದೆ! ಮೂಲೆಯಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡಳು. ಅದೂ ಗುಳಕ್. ಅಡುಗೆಮನೆ ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿಗಳು. ಒಂದಾದರೂ ಒಣಗಿ ಕೊಬ್ಬರಿಯಾಗಿ ಲೊಟಲೊಟ ಅನ್ನಬಾರದೇ?

"ಲೇ ದಾಕ್ಷಾಯಿಣಿ! ಅಟ್ಟದ ಮೇಲೆ ಏನೇ ನಿಂದು?" ಕೆಳಗಿನಿಂದ ಅಜ್ಜಿ ತೀರ್ಥಮ್ಮ ಕೂಗಿದಳು.

"ಏನಿಲ್ಲ ಅಜ್ಜಿ, ರಬ್ಬರ್ ಬಿದ್ದೋಗಿತ್ತು."

"ರಬ್ಬರ್ ಮೇಲಕ್ಕೆ ಬೀಳುತ್ತೇನೇ? ಇಳಿ ಕೆಳಗೆ! ಸ್ಕೂಲಿಗೆ ಟೈಮಾಯ್ತು."

ದಾಕ್ಷಿ ಏಣಿ ಇಳಿದಳು. ಶಿವರಾತ್ರಿಗೆ ಇನ್ನು ಹತ್ತೇ ದಿನ.

ವಿಷಯ ಏನಪ್ಪಾ ಅಂದರೆ, ಅವರ ಮನೆಗೆ ಹೊಸ ಒಲೆ ಬಂದಿತ್ತು. ಸರ್ಕಾರದ ಸ್ಕೀಮಿನ ಒಲೆ. ದೀಪಾವಳಿ ಕಳೆದ ಮೇಲೆ ಬೀರೂರಿನಿಂದ ಗಾರೆ ಕೆಲಸದ ಚೌಡಪ್ಪ ಬಂದು ಕಟ್ಟಿಕೊಟ್ಟಿದ್ದ. ಸೌದೆ ಇಡೋಕೆ ಒಂದೇ ಸಣ್ಣ ಬಾಯಿ, ಒಳಗೆ ಕಬ್ಬಿಣದ ಜಾಲರಿ, ಮೇಲೆ ಸಾಲಾಗಿ ಮೂರು ಪಾತ್ರೆ. ಮುದ್ದೆ ಬೇಯುವಾಗಲೇ ಪಕ್ಕದಲ್ಲಿ ಸಾರು ಕುದಿಯುತ್ತೆ, ಹಿಂದೆ ನೀರು ಕಾಯುತ್ತೆ. ಸೌದೆ ಅರ್ಧಕ್ಕರ್ಧ ಸಾಕು. ಹೊಗೆಯೆಲ್ಲ ಪೈಪಿನಲ್ಲಿ ಹತ್ತಿ ಸೂರಿನಾಚೆ!

"ಪೈಪಿನ ಬುಡದಲ್ಲಿ ಈ ತೂತು ಐತಲ್ಲ, ಇಲ್ಲಿ ಕೈ ಹಾಕಿ ವಾರಕ್ಕೊಂದ್ಸಲ ಮಸಿ ತೆಗೀರಿ," ಅಂತ ಚೌಡಪ್ಪ ಹೇಳಿದ್ದ. "ಪೈಪ್ ಕಟ್ಕೊಂಡ್ರೆ ಹೊಗೆ ತಿರುಗಿ ಮನೆಗೇ ಬತ್ತದೆ ಕಣ್ರಮ್ಮಾ."

ಅಮ್ಮ ವಿಮಲಮ್ಮನಿಗಂತೂ ಹೋದ ಜೀವ ಬಂದಂತಾಗಿತ್ತು. ಹಳೇ ಒಲೆ ಊದಿ ಊದಿ ಕೆಮ್ಮು ಶುರುವಾದರೆ ಅಮ್ಮನಿಗೆ ಉಸಿರೇ ಸಿಗುತ್ತಿರಲಿಲ್ಲ. "ಇನ್ನೂ ಹೊಗೆ ಕುಡಿದ್ರೆ ಕಷ್ಟ ಕಣಮ್ಮ" ಅಂತ ಕಡೂರಿನ ಡಾಕ್ಟರು ಹೆದರಿಸಿದ್ದರು. ಹೊಸ ಒಲೆ ಬಂದ ಮೇಲೆ ಕೆಮ್ಮು ಮಂಗಮಾಯ.

ಅಜ್ಜಿ ಮಾತ್ರ ಸುತರಾಂ ಒಪ್ಪಲಿಲ್ಲ. "ಒಲೆ ಹೊಗೆ ಕುಡಿದೇ ಅಟ್ಟದ ಕಾಯಿ ಕೊಬ್ಬರಿ ಆಗೋದು. ಹೊಗೆ ಇಲ್ದೆ ಕೊಳೆತ್ರೆ ವರ್ಷದ ಫಸಲು ಮಣ್ಣುಪಾಲು! ಶಿವರಾತ್ರಿ ತನಕ ನೋಡ್ತೀನಿ. ಕಾಯಿ ಲೊಟಲೊಟ ಅನ್ನಲಿಲ್ವೋ, ಈ ಒಲೆಗೆ ಹಾರೆನೇ ಗತಿ!"

ಅಜ್ಜಿ ಹೇಳಿದರೆ ಮುಗೀತು.

ಅವತ್ತು ಶನಿವಾರ, ಅರ್ಧ ದಿನ ಸ್ಕೂಲು. ದಾಕ್ಷಿ ಬಂದಾಗ ಅಮ್ಮ ಬಟ್ಟೆ ಒಗೆಯಲು ಬುಕ್ಕಾಂಬುಧಿ ಕೆರೆಗೆ ಹೋಗಿದ್ದಳು. ಅಜ್ಜಿ, ಅಪ್ಪ ತೆಂಗಿನ ತೋಟದಲ್ಲಿದ್ದರು. ಖಾಲಿ ಅಡುಗೆಮನೆ, ಮೇಲೆ ಅಟ್ಟ, ಕೆಳಗೆ ಒಲೆ. ದಾಕ್ಷಿಗೆ ಥಟ್ಟಂತ ಐಡಿಯಾ ಹೊಳೆಯಿತು.

ಗೋಣಿಚೀಲದ ತುಂಡನ್ನು ಒದ್ದೆ ಮಾಡಿ, ಬುಡದ ತೂತಿನಿಂದ ಒಳಕ್ಕೆ ತುರುಕಿ ಪೈಪು ಕಟ್ಟಿಸಿದಳು. ದನಗಳಿಗೆ ಸೊಳ್ಳೆ ಕಚ್ಚದಿರಲಿ ಅಂತ ದಿನಾ ಸಂಜೆ ಕೊಟ್ಟಿಗೆಗೆ ಹೊಗೆ ಹಾಕೋದು ಅವಳದೇ ಕೆಲಸ. ಆ ಕೊಟ್ಟಿಗೆಯಿಂದ ಒಂದಿಷ್ಟು ತೆಂಗಿನ ಸಿಪ್ಪೆ ತಂದು ಒಲೆಗಿಟ್ಟು ಕಡ್ಡಿ ಗೀರಿದಳು.

ಅಬ್ಬಾ! ಒಲೆಯ ಬಾಯಿಂದ ಹೊಗೆ ಬುಸಬುಸ ಹೊರಬಂದು ಅಟ್ಟಕ್ಕೆ ಏರಿತು.

"ಕುಡೀರಿ, ಹೊಟ್ಟೆ ತುಂಬ ಕುಡೀರಿ!" ದಾಕ್ಷಿ ಕಾಯಿಗಳಿಗೆ ಹೇಳಿದಳು.

ಎರಡೇ ನಿಮಿಷ. ಕಣ್ಣಿಗೆ ಖಾರದಪುಡಿ ಬಿದ್ದ ಹಾಗೆ ಉರಿ. ಗಂಟಲು ಕಟ್ಟಿತು. ಇದರೊಳಗೆ ಕೂತು ಅಮ್ಮ ಹೇಗೆ ರೊಟ್ಟಿ ತಟ್ಟುತ್ತಿದ್ದಳೋ!

ಸಿಪ್ಪೆ ಉರಿದು ಮುಗಿದ ಮೇಲೆ ಹಿತ್ತಲ ಬಾಗಿಲು ತೆಗೆದು, ಮೊರದಿಂದ ಬೀಸಿ ಬೀಸಿ ಹೊಗೆ ಓಡಿಸಿದಳು. ಅಷ್ಟರಲ್ಲಿ ಬೀದಿಯಿಂದ ಗೆಳತಿಯರು "ಕುಂಟೆಬಿಲ್ಲೆಗೆ ಬಾರೇ" ಅಂತ ಕೂಗಿದರು. ದಾಕ್ಷಿ ಓಡಿದಳು. ಗೋಣಿ ಪೈಪಿನಲ್ಲೇ ಉಳಿಯಿತು.

ಸಂಜೆ ಮನೆ ಕಡೆ ಬರುವಾಗ ಬೀದಿಗೇ ಕೇಳಿಸಿತು. ಕೆಮ್ಮು. ಅದೇ ಹಳೇ ಕೆಮ್ಮು.

ಅಯ್ಯೋ, ಗೋಣಿ! ದಾಕ್ಷಿ ಮನೆಯೊಳಗೆ ನುಗ್ಗಿದಳು.

ಅಡುಗೆಮನೆ ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲ. ಅಮ್ಮ ಹೊಸ್ತಿಲ ಮೇಲೆ ಬಗ್ಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಅಜ್ಜಿ ಅವಳ ಬೆನ್ನು ತಿಕ್ಕುತ್ತಾ ಕಿರುಚುತ್ತಿದ್ದಳು.

"ನೋಡಿದ್ಯಾ ಸರ್ಕಾರದ ಒಲೆ ಭಾಗ್ಯಾನ! ಇದನ್ನ ನಂಬಿದ್ರೆ ಪ್ರಾಣಾನೇ ಹೋಗುತ್ತೆ. ಶಿವರಾತ್ರಿ ತನಕ ಯಾಕೆ, ಈಗ್ಲೇ ಒಡೀತೀನಿ!"

ಅಜ್ಜಿ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡಳು. ಅಮ್ಮ ಬೇಡ ಅಂತ ಕೈ ಆಡಿಸಿದಳು, ಮಾತೇ ಹೊರಡಲಿಲ್ಲ. ದಾಕ್ಷಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗೋದಿಲ್ಲ. ಆದರೆ ಒಲೆ?

ಓಡಿಹೋಗಿ ಒಲೆಗೆ ಅಡ್ಡ ನಿಂತಳು. "ಅಜ್ಜೀ, ಬೇಡ! ಒಲೇದು ತಪ್ಪಿಲ್ಲ. ಪೈಪಿಗೆ ನಾನೇ ಗೋಣಿ ತುರುಕಿದ್ದು!"

"ಏನಂದೇ?"

"ಕಾಯಿ ಹೊಗೆ ಕುಡೀಲಿ ಅಂತ... ಕಾಯಿ ಒಣಗಿದ್ರೆ ನೀನು ಒಲೆ ಒಡಿಯಲ್ಲ ಅಂತ... ಅಮ್ಮಂಗೆ ಕೆಮ್ಮು ಬರಲ್ಲ ಅಂತ..." ಮುಂದಕ್ಕೆ ಬರೀ ಅಳು.

ಅಜ್ಜಿ ಹೊಡೆಯಲಿಲ್ಲ. ಹಾರೆಯನ್ನು ಗೋಡೆಗೆ ಒರಗಿಸಿ, ಮೊಣಕೈವರೆಗೆ ಮಸಿ ಮಾಡಿಕೊಂಡು ಗೋಣಿ ಎಳೆದು ಹಾಕಿದಳು. ಹೊಗೆ ಸುರ್ರಂತ ಪೈಪು ಹತ್ತಿತು. ಅಮ್ಮನ ಕೆಮ್ಮು ನಿಧಾನವಾಗಿ ಇಳಿಯಿತು.

ರಾತ್ರಿ ದಾಕ್ಷಿ ಮಲಗುವಾಗಲೂ ಹಾರೆ ಗೋಡೆಗೆ ಒರಗಿಕೊಂಡೇ ಇತ್ತು.

ಬೆಳಿಗ್ಗೆ 'ದಬ್!' ಅಂತ ಸದ್ದಾಯಿತು.

ಒಲೆ! ದಾಕ್ಷಿ ಕಂಬಳಿ ಕಿತ್ತೆಸೆದು ಓಡಿದಳು. ಒಲೆ ನೆಟ್ಟಗಿತ್ತು, ಅಮ್ಮ ಕಾಫಿಗೆ ನೀರಿಟ್ಟಿದ್ದಳು. ದಬ್! ಅಟ್ಟದಿಂದ ಇನ್ನೊಂದು ಕಾಯಿ ಬಿತ್ತು.

"ಏನೇ ಹಂಗೆ ನಿಂತ್ಕೊಂಡೆ? ಬುಟ್ಟಿ ತಗೊಂಬಾ," ಮೇಲಿನಿಂದ ಅಜ್ಜಿ ಗದರಿದಳು. "ಎಲ್ಲಾನೂ ಕೊಟ್ಟಿಗೆ ಅಟ್ಟಕ್ಕೆ ಹಾಕೋಣ. ಅಲ್ಲಿ ದಿನಾ ಹೊಗೆ ಹಾಕೋಳು ನೀನೇ ತಾನೇ? ಕಾಯಿಗೆ ಯಾವ ಹೊಗೆಯಾದ್ರೇನು!"

ದಾಕ್ಷಿಗೆ ಕುಣಿಯೋಣ ಅನ್ನಿಸಿತು. ಬುಟ್ಟಿ ಹಿಡಿದು ದಡಬಡ ಏಣಿ ಹತ್ತಿದಳು.

ಅಜ್ಜಿ ಒಂದು ಕಾಯಿಯನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸುತ್ತಿದ್ದಳು. "ಇದಕ್ಕೆ ಬೂಷ್ಟು ಹಿಡಿದಿದೆಯಾ ನೋಡೇ. ನಂಗೆ ಎಲ್ಲಾ ಮಂಜುಮಂಜು."

ಅಜ್ಜಿಯ ಕಣ್ಣು ಕೆಂಪಗಿತ್ತು. ನೀರು ಸುರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೂ ಮತ್ತೆ ನೀರು. ದಾಕ್ಷಿ ಕೆಳಗೆ ನೋಡಿದಳು. ಒಲೆ ಉರಿಯುತ್ತಿತ್ತು, ಹೊಗೆ ಒಂದೆಳೆಯೂ ಇರಲಿಲ್ಲ.

"ಅಜ್ಜಿ, ನೀನು ಹಳೇ ಒಲೇಲಿ ಎಷ್ಟು ವರ್ಷ ಅಡುಗೆ ಮಾಡ್ದೆ?"

"ಯಾರಿಗೆ ಗೊತ್ತು? ಈ ಮನೆಗೆ ಬಂದಾಗ ನಿನಗಿಂತ ಎರಡು ವರ್ಷ ದೊಡ್ಡೋಳು, ಅಷ್ಟೇ."

ದಾಕ್ಷಿ ಅಜ್ಜಿಯ ಕೈಯಿಂದ ಕಾಯಿ ತೆಗೆದುಕೊಂಡಳು.

"ನೀನು ಕೂತ್ಕೋ ಅಜ್ಜಿ. ನಾನು ಒಂದೊಂದೇ ನೋಡಿ ಹೇಳ್ತೀನಿ."