ಕಡಲಾಚೆಯ ಉಡಿಕೆ

1934ನೆಯ ಇಸವಿ ಏಪ್ರಿಲ್ 11, ಬುಧವಾರ. ನೇಪಲ್ಸ್ ಬಂದರಿನಲ್ಲಿ ಹಡಗಿನಿಂದಿಳಿದು, ಕಡಲಂಚಿನ ಪುರಾತನ ಊರುಗಳನ್ನು ನೋಡಲು ಹೊರಟವರು ಹತ್ತೊಂಬತ್ತು ಮಂದಿ. ಅವರಲ್ಲಿ ಕನ್ನಡ ಬಲ್ಲವರು ಇಬ್ಬರು. ಅವರಲ್ಲೊಬ್ಬಳಾದ ಪುಟ್ಟಸಿದ್ದಮ್ಮನಿಗೆ ಇನ್ನೊಬ್ಬನಿರುವುದು ಅಲ್ಲಿಯವರೆಗೂ ತಿಳಿದಿರಲಿಲ್ಲ.

"ಪುಟ್ಟಸಿದ್ದಮ್ಮಾ, ಉಷಾರು! ಮೆಟ್ಲು ಪಾಚಿ ಕಟ್ಟದೆ!"

ಅವಳು ಥಟ್ಟನೆ ನಿಂತಳು. ಕಂಕುಳಲ್ಲಿದ್ದ ದೊರೆಸಾನಿಯ ಮಗುವನ್ನು ಬಿಗಿಯಾಗಿ ಅವುಚಿಕೊಂಡಳು. ಹಡಗಿನಲ್ಲಿ ಅವಳನ್ನು ಕರೆಯುತ್ತಿದ್ದುದು 'ಆಯಾ' ಎಂದು. ಈ ದೇಶದಲ್ಲಿ ತನ್ನ ಹೆಸರು ಹಿಡಿದು ಕೂಗುವವನು ಯಾರು?

ಖಾಕಿ ಕೋಟು ತೊಟ್ಟ ಸಣಕಲು ದೇಹದವನೊಬ್ಬ ಮೆಟ್ಟಿಲ ಕೆಳಗೆ ನಿಂತಿದ್ದ.

"ಯಾರು ನೀವು?"

"ಮಿರ್ಲೆ ಊರಿನ ಚಲುವಯ್ಯ. ಅಗೋ, ಆ ದೊರೆ ತಾವ ಬಟ್ಲರು."

"ನನ್ನೆಸರು ಎಂಗೆ ಗೊತ್ತು?"

ಅವನು ಕಡಲಿನತ್ತ ಮುಖ ತಿರುಗಿಸಿದ. "ಗೊತ್ತು ಬುಡಿ."

ಆ ಮಾತೇ ಅವಳ ಮನಸ್ಸಿನಲ್ಲಿ ಮುಳ್ಳಾಯಿತು. 'ಇವನನ್ನು ಭಾವ ಕಳಿಸಿರಬೇಕು...'

ಗಂಡ ತೀರಿಕೊಂಡ ಮೇಲೆ ಅವಳು ಹುಣಸೂರಿನ ದೊರೆಗಳ ಬಂಗಲೆಯಲ್ಲಿ ಆಯಾ ಆಗಿದ್ದಳು. ಆರು ವರ್ಷದ ಮಗಳು ಕಂಪಲಾಪುರದಲ್ಲಿ, ಗಂಡನ ಅಣ್ಣ ನಿಂಗಯ್ಯನ ಮನೆಯಲ್ಲಿದ್ದಳು. ಆಯಾಳ ಸಂಬಳ ಹೋಗುತ್ತಿದ್ದುದೂ ಅವನ ಕೈಗೇ. ದೊರೆಗಳ ಜೊತೆ ಹಡಗು ಹತ್ತಲು ಹೊರಡುವಾಗ ನಿಂಗಯ್ಯ ಹೇಳಿದ್ದ: "ಅಲ್ಲಿ ನಿನ್ನ ಮೇಲೆ ಒಂದು ಮಾತು ಬಂದ್ರೂ ಮಗೀನ ಮಕ ನೋಡೋಕೆ ಬುಡಾಕಿಲ್ಲ. ಕಣ್ಣಿಟ್ಟಿರೋರು ಅಲ್ಲೂ ಇರ್ತಾರೆ."

ಕಣ್ಣಿಟ್ಟಿರುವವನು ಇವನೇ!

ಮೋಟಾರು ಮೊದಲು ನಿಂತದ್ದು ಪೊಝುವೋಲಿ ಎಂಬ ಊರಿನಲ್ಲಿ. ಹಳೆಯ ಸಂತೆಮಾಳದ ನಡುವೆ ಅಮೃತಶಿಲೆಯ ಮೂರು ಕಂಬಗಳು. ಅವುಗಳ ನಡುಮಟ್ಟಕ್ಕೆ ಹುಳು ಕೊರೆದಂತೆ ತೂತುಗಳು. ಊರು ತೋರಿಸುವವನು ಇಂಗ್ಲಿಷಿನಲ್ಲಿ ವಿವರಿಸಿದ.

"ಕಡಲ ಚಿಪ್ಪುಹುಳ ಕೊರೆದದ್ದಂತೆ," ಎಂದ ಚಲುವಯ್ಯ, ಅವಳಿಗೆ ಕೇಳುವಷ್ಟೇ ಮೆಲ್ಲಗೆ. "ಈ ನೆಲ ನೀರಲ್ಲಿ ಮುಳುಗಿ, ಆಮೇಲೆ ತಾನಾಗೇ ಮೇಲಕ್ಕೆದ್ದದಂತೆ."

"ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಕಣ್ಣು ಮಾತ್ರ ಸರಿಯಲಿಲ್ಲ. 'ಎಷ್ಟು ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದಾನೆ! ಊರಿಗೆ ಹೋಗಿ ಏನೆಂದು ಹೇಳುವನೋ...'

ಬಾಯಾ ಎಂಬ ಊರಿನ ಬಳಿ ನೆಲದಡಿಯ ನೀರಿನ ತೊಟ್ಟಿಗೆ ಇಳಿದರು. ರೋಮನ್ನರು ಕಟ್ಟಿದ್ದು; ದೇವಸ್ಥಾನದ ಹಾಗೆ ಸಾಲುಸಾಲು ಕಂಬ. ಒಳಗಿನ ಥಂಡಿಗೆ ಪುಟ್ಟಸಿದ್ದಮ್ಮನ ಹಲ್ಲು ಕಟಕಟ ಎಂದವು. ತನ್ನ ಸೆರಗನ್ನೆಲ್ಲ ಅವಳು ಮಗುವಿಗೆ ಸುತ್ತಿಬಿಟ್ಟಿದ್ದಳು.

ಚಲುವಯ್ಯ ಮೇಲಕ್ಕೆ ಓಡಿದ. ಬೀದಿಯ ವ್ಯಾಪಾರಿಯಿಂದ ಕೆಂಪಂಚಿನ ಉಣ್ಣೆಯ ಹೊದಿಕೆ ಕೊಂಡು ತಂದು, ಎಲ್ಲರೆದುರೇ ಅವಳ ಮುಂದೆ ಹಿಡಿದ.

"ತಕ್ಕಳಿ."

ಅವಳು ಬೆಂಕಿ ತುಳಿದವಳಂತೆ ಹಾರಿದಳು.

ಅವಳ ಕಡೆಯ ಜನರಲ್ಲಿ ಉಡಿಕೆ ಎಂಬ ಪದ್ಧತಿ. ಗಂಡ ಸತ್ತವಳಿಗೆ ಗಂಡಸೊಬ್ಬ ನಾಲ್ಕು ಜನರೆದುರು ಹೊಸ ಬಟ್ಟೆ ಕೊಟ್ಟು, ಅವಳು ಕೈಚಾಚಿ ತೆಗೆದುಕೊಂಡರೆ ಅದೇ ಮದುವೆ. ಹಾಗೆ ಹೋದವಳು ಮೊದಲ ಗಂಡನ ಮಕ್ಕಳನ್ನು ಆ ಮನೆಗೇ ಬಿಟ್ಟು ಹೋಗಬೇಕು!

"ಎತ್ಕಂಡೋಗಿ ನಿಮ್ಮ ಬಟ್ಟೆಯ! ನಾನು ಇದ ಈಸ್ಕಂಡ್ರೆ ನನ್ನ ಮಗೀನ ಕಿತ್ಕಬಹುದು ಅಂತ ನಮ್ಮ ಭಾವ ಹೇಳ್ಕೊಟ್ನಾ? ಅವನೇ ಕಳಿಸಿದ್ನಾ ನಿಮ್ಮ?"

ಚಲುವಯ್ಯನ ಮುಖ ಬಿಳಿಚಿತು. ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು.

"ಅಯ್ಯೋ... ಚಳಿಗೆ ಕಣಮ್ಮ! ಚಳಿಗೆ ತಂದೆ, ಬೇರೇನೂ ಗ್ಯಾನ ಬರ್ನಿಲ್ಲ." ಹೊದಿಕೆಯನ್ನು ಅವಸರದಲ್ಲಿ ಮಡಿಸಿ ಕಂಕುಳಿಗೆ ಸೇರಿಸಿದ. "ನಿಮ್ಮ ಭಾವ ನನ್ನ ಎಲ್ಲಿಗೂ ಕಳಿಸ್ನಿಲ್ಲ. ಬಾಗ್ಲಿಂದ ಆಚೆಗೆ ಅಟ್ಟಿದ, ಅಷ್ಟೇ."

"ಯಾವಾಗ?"

ಉತ್ತರ ಬರುವ ಮುನ್ನ ಅವನ ದೊರೆ ಕೂಗಿದ.

ಮುಂದಿನ ಊರು ಕ್ಯೂಮೆ; ಅಲ್ಲಿನ ಗುಡ್ಡದ ಗವಿಯಲ್ಲಿ ಹಿಂದೆ ಒಬ್ಬಳು ಕಣಿ ಹೇಳುತ್ತಿದ್ದಳಂತೆ. ಊರು ತೋರಿಸುವವನು ಉಳಿದವರನ್ನು ಒಳಗೆ ಕರೆದೊಯ್ದ. ಮಗು ನಿದ್ದೆಹೋಗಿದ್ದರಿಂದ ಪುಟ್ಟಸಿದ್ದಮ್ಮ ಬಾಗಿಲಲ್ಲೇ ಕುಳಿತಳು. ಚಲುವಯ್ಯ ಅಷ್ಟು ದೂರದಲ್ಲಿ ನಿಂತ.

"ಹೋದ ವರ್ಷ ಯುಗಾದಿ ಮಾರನೇ ದಿನ ಕಂಪಲಾಪುರಕ್ಕೆ ಬಂದಿದ್ದೆ. ನಿಮ್ಮ ಕೇಳೋಕೆ. ಉಡಿಕೆ ಅಂದ್ರೆ ನೀವು ಬಾವಿಗೆ ಬೀಳ್ತೀನಿ ಅಂದ್ರಂತಲ್ಲ, ನಿಮ್ಮ ಭಾವ ಅಂದ... ಅದ್ಕೇ ಇಷ್ಟು ದಿನ ಹಡಗಲ್ಲಿ ನಿಮ್ಮ ಕಣ್ಣಿಗೆ ಬೀಳ್ನಿಲ್ಲ."

"ನಾನಾ? ನನ್ನ ಯಾರು ಕೇಳಿದ್ರು?"

ಅವಳಿಗೆ ನೆನಪಾಯಿತು. ಹಬ್ಬಕ್ಕೆಂದು ಊರಿಗೆ ಬಂದಿದ್ದ ಅವಳನ್ನು ಆ ದಿನ ಭಾವ ರಾವಂದೂರಿನ ನೆಂಟರ ಮನೆಗೆ ಕಳಿಸಿದ್ದ. ಹಿಂದಿರುಗಿದಾಗ ಮಗಳು ಕುಣಿಯುತ್ತ ಬಂದಿದ್ದಳು. ಯಾರೋ ಮಾಮ ಬಂದಿದ್ದನೆಂದಳು. ಎತ್ತು ನೋಡಲು ಬಂದವನೆಂದು ಭಾವ ಮಾತು ತೇಲಿಸಿದ್ದ.

ಆದರೂ ಅವಳು ಪರೀಕ್ಷಿಸದೆ ಬಿಡಲಿಲ್ಲ. "ಬರೋವಾಗ ಏನು ತಂದಿದ್ರಿ?"

"ಕೊಬ್ರಿ, ಬೆಲ್ಲ. ಬಾಗ್ಲಲ್ಲಿ ಒಂದು ಎಣ್ಣುಮಗ ಈಸ್ಕಂತು. ಎರಡು ಕೈಲೂ!"

ಸರಿಯಾಗಿತ್ತು; ಮಗಳು ಅಂದು ತೋರಿಸಿದ್ದೂ ಅದನ್ನೇ. ಅವಳ ಕಣ್ಣು ತುಂಬಿದವು.

"ನನ್ನ ಎಲ್ಲಿ ನೋಡಿದ್ರಿ?"

"ಹುಣಸೂರು ಬಂಗ್ಲೆಲಿ. ಹಾಲು ಸೀದೋಗದೆ ಅಂತ ಅಲ್ಲಿ ಅಡಿಗೆಯೋನ ಬೈತಿದ್ರಿ."

"ಬೈಯೋದ ನೋಡಿ ಮೆಚ್ಚಿದ್ರಾ!"

"ಬೈದದ್ದು ನನ್ನನ್ನಲ್ಲವಲ್ಲ!"

ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. ಮರುಕ್ಷಣವೇ ಮಾಯವಾಯಿತು. "ಮಗೀನ ಬುಟ್ಟು ನಾನು ಎಲ್ಲಿಗೂ ಬರಾಕಿಲ್ಲ."

"ಮಗೀನ ಸಮೇತವೇ ಅಂದಿದ್ದೆ. ಅದಕ್ಕೇ ಅಟ್ಟಿದ್ದು. ಊರಿಗೋದ್ಮೇಲೆ ಕುಲದ ಯಜಮಾನ್ರ ಮುಂದೆ ಕೂತು ಕೇಳ್ತೀನಿ. ಕೊನೆ ಮಾತು ಅವರದು, ನಿಮ್ಮ ಭಾವನದಲ್ಲ."

"ಅವ್ರೂ ಒಪ್ಪದಿದ್ರೆ?"

"ಒಪ್ಪೋಗಂಟ ಉಡಿಕೆ ಇಲ್ಲ. ಕಾಯ್ತೀನಿ."

ಇಷ್ಟು ವರ್ಷಗಳಲ್ಲಿ ಅವಳ ಮಗಳನ್ನು ಮೊದಲು ಎಣಿಸಿ, ಆಮೇಲೆ ಅವಳನ್ನು ಎಣಿಸಿದವರು ಬೇರೆ ಯಾರೂ ಇರಲಿಲ್ಲ. ಅವಳು ಬಿಕ್ಕಿದಳು. ಅವನು ಹತ್ತಿರ ಬರಲಿಲ್ಲ. ಅದೂ ಅವಳಿಗೆ ಹಿತವಾಯಿತು.

"ಆದ್ರೆ ನಿಮ್ಮ ಬಾಯಿಂದ ನಂಗೆ ಒಂದು ಉತ್ತರ ಬರಬೇಕಲ್ಲ. ವರ್ಷದ ಬಾಕಿ," ಎಂದ ಚಲುವಯ್ಯ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮಲಗಿದ್ದ ಮಗುವಿನ ಮೇಲೆ ಅದನ್ನು ಮತ್ತೆ ಹೊದಿಸಿದಳು.

ಅವನು ಒತ್ತಾಯಿಸಲಿಲ್ಲ. ಬೇರೆ ಮಾತು ಕೇಳಿದ: "ಮಗೀನ ಎಸರೇನು? ಅವತ್ತು ಕೇಳೋಕೆ ಬುಡ್ನಿಲ್ಲ ನಿಮ್ಮ ಭಾವ."

"ಮಾಯಮ್ಮ."

"ನಮ್ಮ ಮಿರ್ಲೆಲಿ ಆ ಎಸರಿನೋರು ಯಾರೂ ಇಲ್ಲ."

ಪುಟ್ಟಸಿದ್ದಮ್ಮ ಅಂದು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಇನ್ಮುಂದೆ ಒಬ್ಳು ಇರ್ತಾಳೆ ಬುಡಿ."