ಒಂಬತ್ತನೇ ಮೆಟ್ಟಿಲು

ಹೃದಯದ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಕನ್ನಡಕ ಸೊಟ್ಟಗಿತ್ತು. ಕನ್ನಡಕದಂಗಡಿ ಇಟ್ಟವನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ?

"ಒಂದ್ನಿಮಿಷ ಕೊಡ್ತೀರಾ?" ಎಂದು ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದ.

"ಓಹೋ, ಇಲ್ಲಿ ಕಣ್ಣಿಂದ ಶುರು ಮಾಡಿ ಎದೆಗೆ ಇಳೀತಾರೋ?" ಎನ್ನುತ್ತ ಆಕೆ ಕನ್ನಡಕ ತೆಗೆದು ಕೊಟ್ಟಳು.

ಆತ ನಾಚಿ ಸ್ಕ್ರೂ ಕೆಳಗೆ ಬೀಳಿಸಿದ. ಬರಿಗಣ್ಣಲ್ಲಿ ಆಕೆ ಆತನ ಮುಖವನ್ನು ಮಸುಕಾಗಿ, ತುಸು ಹೆಚ್ಚೇ ಹೊತ್ತು ನೋಡಿದಳು.

ಆಕೆ ಟೈಪಿಂಗ್ ಕಲಿಸಿ ನಿವೃತ್ತಳಾದವಳು, ಎದೆನೋವು ತೋರಿಸಲು ಬಂದವಳು. ಆತ ಹೃದಯದ ರಕ್ತನಾಳಕ್ಕೆ ಹಿಂದೆ ಹಾಕಿಸಿಕೊಂಡಿದ್ದ ಸ್ಟೆಂಟಿನ ತಪಾಸಣೆಗೆ ಬಂದವನು. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟಿತು.

ಅಂಗಡಿಯ ಮೇಲೆ ಆತನ ಒಂಟಿ ಮನೆ, ಇಪ್ಪತ್ತೆರಡು ಮೆಟ್ಟಿಲು. ಆಕೆ ಒಂಬತ್ತು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ಕೂತುಬಿಡುತ್ತಿದ್ದಳು. ಆತ ಟೀ ಹಿಡಿದು ಅಲ್ಲಿಗೇ ಇಳಿದು ಬರುತ್ತಿದ್ದ. ಹೋದ ವರ್ಷ ಹೊಟ್ಟೆಹುಣ್ಣು ಒಡೆದು ರಕ್ತ ಕಾರಿಕೊಂಡಿದ್ದನ್ನು ಆಕೆ ಹೇಳಿದ್ದೂ ಅಲ್ಲೇ.

"ಸ್ಟೆಂಟ್ ಹಾಕಿಸ್ಕೊಂಡು ಬಾಗಿಲ ತನಕ ಬರ್ತೀನಿ ಕನ್ನಡಕದವರೇ. ಆಮೇಲೆ ಇಳಿಯೋಳಲ್ಲ, ಈಗ್ಲೇ ಹೇಳಿದೀನಿ."

ಆಕೆಗೆ ಸ್ಟೆಂಟ್ ಹಾಕುವ ಹಿಂದಿನ ದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಫಾರಂ ಹಿಡಿದು ಬಂದರು. ರಕ್ತಸ್ರಾವದ ಅಪಾಯ ಎಷ್ಟೆಂದು ಲೆಕ್ಕ ಹಾಕಲು ವಯಸ್ಸು, ತೂಕ, ಕಿಡ್ನಿ, ಹಿಮೋಗ್ಲೋಬಿನ್ ಎಲ್ಲ ಬರೆದುಕೊಂಡರು.

"ಹಿಂದೆ ಯಾವಾಗ್ಲಾದ್ರೂ ರಕ್ತ ಹೋಗಿತ್ತಾ?"

"ಇಲ್ಲ" ಎಂದಳು ಆಕೆ, ಆತನನ್ನು ಕಣ್ಣಲ್ಲೇ ಗದರಿಸುತ್ತ.

ಆತನಿಗೆ ಅತ್ತ ದರಿ, ಇತ್ತ ಪುಲಿ. ಸ್ಟೆಂಟ್ ಹಾಕಿದರೆ ತಿಂಗಳುಗಟ್ಟಲೆ ರಕ್ತ ತೆಳುಮಾಡುವ ಮಾತ್ರೆ ನುಂಗಬೇಕೆಂದು ಆತನಿಗೆ ಗೊತ್ತಿತ್ತು. ಕೊನೆಗೆ ಬಾಯಿ ಬಿಟ್ಟ.

"ಹೋಗಿತ್ತು ಸಿಸ್ಟರ್. ಹೋದ ವರ್ಷ. ಎರಡು ಬಾಟಲಿ ರಕ್ತ ಕೊಟ್ಟಿದ್ರಂತೆ."

ಸಂಜೆ ಡಾಕ್ಟರು ಬಂದರು. ಇಂಥವರು ನೂರು ಜನರಿದ್ದರೆ ಹನ್ನೆರಡು ಜನಕ್ಕೆ ಜೋರು ರಕ್ತಸ್ರಾವವಾಗುತ್ತದೆ. ಸ್ಟೆಂಟ್ ಬೇಡ, ಬರೀ ಎದೆನೋವಿನ ಮಾತ್ರೆಯಲ್ಲಿ ಎಷ್ಟು ದಿನ ಸಾಗುತ್ತದೋ ಸಾಗಲಿ ಎಂದರು.

ಅವರು ಹೋದ ಮೇಲೆ ಆಕೆ ಕೇಳಿದಳು, "ಮಿಕ್ಕ ಎಂಬತ್ತೆಂಟು ಜನದಲ್ಲಿ ನಾನೊಬ್ಬಳಾಗಿದ್ರೆ?"

ಆತ ಆಕೆಯ ಹೊದಿಕೆ ಸರಿಮಾಡಿದ.

ಎರಡು ವಾರ ಆಕೆ ಮುಖ ತೋರಿಸಲಿಲ್ಲ. ಆಮೇಲೆ ಬಂದಳು, ಏಳನೇ ಮೆಟ್ಟಿಲಲ್ಲಿ ಕೂತಳು. ಮುಂದಿನ ತಿಂಗಳು ನಾಲ್ಕನೆಯದರಲ್ಲಿ. ಆತ ಪ್ರತಿ ಸಲವೂ ಇನ್ನಷ್ಟು ಕೆಳಗಿಳಿದು ಬಂದ.

ಇವತ್ತು ಆಕೆ ಮೊದಲ ಮೆಟ್ಟಿಲಲ್ಲೇ ಕೂತಿದ್ದಳು. ಕಾಲು ಊದಿತ್ತು.

"ಅಂಗಡಿ ಹಿಂದಿನ ರೂಮಲ್ಲಿ ಮಂಚ ಹಾಕಿಸ್ತೀನಿ ಮೇಡಂ. ಮೆಟ್ಟಿಲೇ ಬೇಡ. ನನ್ನ ಜೊತೆ ಇದ್ಬಿಡಿ."

"ಎಷ್ಟು ದಿನಕ್ಕೆ ಅಂತ ಹಾಕಿಸ್ತೀರಿ?"

ಆತ ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟ. "ಆ ಮಾತ್ರೆಯಿಂದ ಮತ್ತೆ ರಕ್ತ ಹೋಗಿ ನಿಮ್ಮನ್ನ ಕಳ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಅಷ್ಟೇ ಕಾರಣ. ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿದೀನಿ."

"ಗೊತ್ತು ಕಣ್ರೀ. ಅದಕ್ಕೇ ಸರಿಯಾಗಿ ಬೈಯೋಕೂ ಆಗ್ತಿಲ್ಲ."

ಆಕೆ ಕನ್ನಡಕ ತೆಗೆದು ಆತನ ಅಂಗೈಯಲ್ಲಿಟ್ಟಳು. "ಸ್ಕ್ರೂ ಸಡಿಲ ಆಗಿದೆ, ನೋಡಿ."

ಸ್ಕ್ರೂ ಬಿಗಿಯಾಗಿಯೇ ಇತ್ತು. ಆತ ಸ್ಕ್ರೂಡ್ರೈವರ್ ತೆಗೆದು, ಆಕೆಯ ಪಕ್ಕದಲ್ಲಿ ಕೂತು, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಅದನ್ನು ಬಿಚ್ಚತೊಡಗಿದ.